ದುಡ್ಡಿರೋರ ಮಧ್ಯೆ ದಿನಾ ಕೂತ್ರೂ ಅವರಲ್ಲೊಬ್ಬ ಆಗಕ್ಕಾಗ್ತಿಲ್ಲ, ನಮ್ಮ ಕಡೆಯವರು ಯಾರಾದ್ರೂ ಇದನ್ನ ದಾಟಿದ್ದೀರಾ?

ಹಿಪ್ಪುನೇರಳೆ_ಶಿಡ್ಲಘಟ್ಟ:
ಎಲ್ಲರಿಗೂ ನಮಸ್ಕಾರ. ಈ ವಿಷಯ ಮನೇಲಿ ಹೇಳಿದ್ರೆ ಅರ್ಥ ಆಗಲ್ಲ, ಆಫೀಸಲ್ಲಿ ಹೇಳೋ ಹಂಗೇ ಇಲ್ಲ, ಅದಕ್ಕೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರನ್ನೇ ಕೇಳೋಣ ಅಂತ ಬರೀತಿದೀನಿ. ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮದು ಶಿಡ್ಲಘಟ್ಟದ ಹತ್ರ ಒಂದು ಹಳ್ಳಿ. ರೇಷ್ಮೆ ಮನೆ. ಹುಳ ಹಣ್ಣಾಗೋ ಟೈಮಲ್ಲಿ ಚಂದ್ರಿಕೆ (ಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ) ಇಡಕ್ಕೆ ಜಾಗ ಸಾಲ್ದೆ ನಾವೆಲ್ಲ ಜಗಲಿ ಮೇಲೆ ಮಲಗ್ತಿದ್ವಿ. ಮಾರ್ಕೆಟ್ಟಲ್ಲಿ ಗೂಡಿಗೆ ಒಳ್ಳೆ ರೇಟು ಬಂದ್ರೆ ಸ್ಕೂಲ್ ಫೀಸು, ಬರದಿದ್ರೆ ಅಪ್ಪ ಹೆಡ್ಮಾಸ್ಟ್ರ ಹತ್ರ ಹೋಗಿ ಟೈಮ್ ಕೇಳೋರು. ಅಲ್ಲಿಂದ ಓದಿ ಎಂಬಿಎ ಮಾಡಿ ಈಗ ಬೆಂಗಳೂರಲ್ಲಿ ಒಂದು ಪ್ರೈವೇಟ್ ಬ್ಯಾಂಕಿನ ವೆಲ್ತ್ ಮ್ಯಾನೇಜ್‌ಮೆಂಟ್‌ನಲ್ಲಿದೀನಿ, ಅಂದ್ರೆ ದುಡ್ಡಿರೋರ ಹೂಡಿಕೆ ನೋಡ್ಕೊಳೋ ಕೆಲಸ. ಪಿಎಂಎಸ್, ಎಐಎಫ್ ಅಂತ ದೊಡ್ಡ ಮೊತ್ತದ ಹೂಡಿಕೆ ಸ್ಕೀಮ್‌ಗಳಿವೆ, ಮೊದಲನೇದಕ್ಕೆ ಕಮ್ಮಿ ಅಂದ್ರೂ 50 ಲಕ್ಷ, ಎರಡನೇದಕ್ಕೆ 1 ಕೋಟಿ ಹಾಕ್ಬೇಕು, ಅಂಥೋರೇ ನನ್ನ ಕಸ್ಟಮರ್ಸು. ಅವರ ಹತ್ರ ಎಷ್ಟಿದೆ, ಎಲ್ಲೆಲ್ಲಿದೆ, ಮಗಳ ಮದುವೆಗೆ ಎಷ್ಟು ಎತ್ತಿಟ್ಟಿದಾರೆ, ಅಣ್ತಮ್ಮಂದಿರಲ್ಲಿ ಯಾರಿಗೆ ಯಾರ ಮೇಲೆ ನಂಬಿಕೆ ಇಲ್ಲ, ಎಲ್ಲ ನನಗೆ ಗೊತ್ತು. ಆದ್ರೆ ಅದೇ ಮನೆಗೆ ಊಟಕ್ಕೆ ಕರೆದ್ರೆ ಎಲ್ಲಿ ಕೂರ್ಬೇಕು ಅಂತ ಗೊತ್ತಾಗಲ್ಲ.

ಮೊನ್ನೆ ನಂದಿ ಬೆಟ್ಟದ ಬುಡದಲ್ಲಿ ಒಬ್ಬರು ಕಸ್ಟಮರ್ ವಿಲ್ಲಾ ಗೃಹಪ್ರವೇಶಕ್ಕೆ ಹೋಗಿದ್ದೆ. ಎಲ್ಲ ಚೆನ್ನಾಗೇ ಮಾತಾಡಿಸಿದ್ರು. ಯಾವ ಸ್ಕೂಲು ಅಂತ ಒಬ್ಬರು ಕೇಳಿದ್ರು, ಊಟಿ ಬೋರ್ಡಿಂಗ್ ಸ್ಕೂಲ್ ವಿಷಯ ನಡೀತಿತ್ತು. ನಾನು ನಮ್ಮೂರ ಸರ್ಕಾರಿ ಪ್ರೌಢಶಾಲೆ ಹೆಸರು ಹೇಳಿದೆ. ಯಾರೂ ನಗಲಿಲ್ಲ, ಅವಮಾನ ಮಾಡಲಿಲ್ಲ. ‘ಓ ನೈಸ್’ ಅಂದು ಮಾತು ನನ್ನ ಪಕ್ಕದವರ ಹತ್ರ ಹೋಯ್ತು, ಆಮೇಲೆ ವಾಪಸ್ ನನ್ನ ಹತ್ರ ಬರಲೇ ಇಲ್ಲ. ಆ ವಿಲ್ಲಾ ಇರೋ ಜಾಗದಿಂದ ನಮ್ಮಮ್ಮನ ತವರು ಕಾಣುತ್ತೆ, ಅದನ್ನೂ ಹೇಳೋಕಾಗಲಿಲ್ಲ.

ಕಾರು ಲೋನ್ ಮೇಲೆ ನಾನೂ ತಗೋಬಹುದು. ನನಗೆ ಆಸೆ ಇರೋದು ಅವರು ಕೂರೋ ರೀತಿ ಮೇಲೆ. ಅವಸರ ಇಲ್ದೆ, ಬಿಲ್ ಬಂದ್ರೆ ಮೊತ್ತ ನೋಡದೆ ಸೈನ್ ಹಾಕಿ, ಇಡೀ ಜಾಗ ತಾತನ ಕಾಲದಿಂದ ತಮ್ಮದೇ ಅನ್ನೋ ಥರ. ಈಗ ವಿಷಯಕ್ಕೆ ಬರ್ತೀನಿ: ಒಬ್ಬರು ಹಿರಿಯ ಕಸ್ಟಮರ್ ತಮ್ಮ ಕ್ಲಬ್‌ಗೆ ನನ್ನನ್ನ ಪ್ರಪೋಸ್ ಮಾಡ್ತೀನಿ, ಅಂದ್ರೆ ಮೆಂಬರ್ ಆಗಕ್ಕೆ ನನ್ನ ಹೆಸರು ಸೂಚಿಸ್ತೀನಿ ಅಂದಿದಾರೆ. ಅದನ್ನ ಸೆಕೆಂಡ್ ಮಾಡಕ್ಕೆ, ಅಂದ್ರೆ ಅನುಮೋದಿಸಕ್ಕೆ, ಇನ್ನೊಬ್ಬರು ಮೆಂಬರ್ ಬೇಕು, ಗಂಡ ಹೆಂಡ್ತಿ ಇಬ್ಬರೂ ಇಂಟರ್‌ವ್ಯೂಗೆ ಹೋಗ್ಬೇಕು, ಫೀಸು ಲಕ್ಷಗಳಲ್ಲಿದೆ. ಹೆಂಡ್ತಿ ಆ ದುಡ್ಡಲ್ಲಿ ಚಿಕ್ಕಬಳ್ಳಾಪುರದಲ್ಲಿ ಸೈಟ್ ತಗೋಳೋಣ ಅಂತಾಳೆ. ಏನು ಮಾಡ್ಲಿ? ಈ ಆಸೆನೇ ತಪ್ಪಾ?

ಅಮಾನಿಕೆರೆ_ಸೀನ:
ಸೈಟ್ ತಗೋ ಗುರು. ಹೆಂಡ್ತಿ ಮಾತು ಕೇಳು, ಮುಗೀತು.

ಮಾರಿಕುಪ್ಪಂ_ಪ್ಯಾಸೆಂಜರ್:
ಇದು ಇವತ್ತಿನ ಕಥೆ ಅಲ್ಲ ತಮ್ಮಾ. ನಾನು ಕೆಜಿಎಫ್‌ನವನು. ನಮ್ಮೂರಲ್ಲಿ 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೀತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು ಗಣಿಗೆ, ಬೆಂಗಳೂರಿಗೂ ಮುಂಚೆ. ಗುಡ್ಡದ ಮೇಲೆ ದೊರೆಗಳ ಬಂಗ್ಲೆ, ಗಾಲ್ಫ್ ಮೈದಾನ, ಕ್ಲಬ್, ಕೆಳಗೆ ಗಣಿ ಕೂಲಿಯವರ ಲೈನ್ ಮನೆಗಳು, ಒಂದು ರೂಮಿನವು, ಅದರಲ್ಲೇ ಎಂಟು ಜನ. ನಡುವೆ ಆಂಗ್ಲೋ ಇಂಡಿಯನ್ಸು. ಯಾರು ಎಲ್ಲಿ ನಿಂತ್ಕೋಬೇಕು ಅನ್ನೋದು ಮನೆ ಕಟ್ಟಿದ ಜಾಗದಲ್ಲೇ ಗೊತ್ತಾಗ್ತಿತ್ತು.

ನಮ್ಮ ತಾತ ಬಂಗ್ಲೆಯಲ್ಲಿ ಬಟ್ಲರ್. ಇಂಗ್ಲಿಷಲ್ಲಿ ಸೂಪ್ ಹೆಸರುಗಳೆಲ್ಲ ಹೇಳೋರು, ಮನೇಲಿ ನಮಗೆ ಫೋರ್ಕ್ ಹಿಡಿಯೋದು ಕಲಿಸೋರು, ಟೇಬಲ್ ಇರ್ಲಿಲ್ಲ, ನೆಲದ ಮೇಲೆ ಕೂತ್ಕೊಂಡೇ. ಅವರಿಗೆ ಒಂದು ನಂಬಿಕೆ ಇತ್ತು, ಇಂಗ್ಲಿಷರು ಹೋದ್ಮೇಲೆ ನಮ್ಮವರು ಬರ್ತಾರೆ, ಆವಾಗ ನಾವೂ ಒಳಗೆ ಹೋಗ್ತೀವಿ ಅಂತ. 1956ರಲ್ಲಿ ಗಣಿ ಸರ್ಕಾರದ್ದಾಯ್ತು. ಅದೇ ಕುರ್ಚಿ ಮೇಲೆ ನಮ್ಮ ಆಫೀಸರ್‌ಗಳು ಕೂತ್ರು, ತಾತನ ಕೈಯಲ್ಲಿ ಅದೇ ಟ್ರೇ ಇತ್ತು. 2001 ಫೆಬ್ರವರಿ 28ಕ್ಕೆ ಗಣಿನೇ ಮುಚ್ಚಿ ಹೋಯ್ತು. ಈಗ ನಾನು ಬೆಳಿಗ್ಗೆ ಮಾರಿಕುಪ್ಪಂ ಟ್ರೈನ್ ಹತ್ತಿ ಬೆಂಗಳೂರಿಗೆ ಬಂದು ಒಂದು ಐಟಿ ಕಂಪನಿ ಕ್ಯಾಂಟೀನ್ ಮ್ಯಾನೇಜ್ ಮಾಡ್ತೀನಿ.

ಕ್ಲಬ್‌ಗೆ ಹೋಗ್ಬೇಡ ಅಂತ ನಾನು ಹೇಳಲ್ಲ. ಆದ್ರೆ ಕುರ್ಚಿ ಖಾಲಿ ಆದ ತಕ್ಷಣ ಅದು ನಮ್ಮದಾಗುತ್ತೆ ಅಂತ ಮಾತ್ರ ಅಂದ್ಕೋಬೇಡ.

ಗೌರಿಬಿದನೂರು_ಮೇಷ್ಟ್ರು:
ಆಸೆ ತಪ್ಪಲ್ಲಪ್ಪ, ಆದ್ರೆ ಯಾರ ಮುಂದೆ ಅನ್ನೋದು ನೋಡ್ಕೋಬೇಕು. ನಮ್ಮ ತಾಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಬಡವರ ಮನೆ. ಬೆಂಗಳೂರಿಗೆ ನಡ್ಕೊಂಡು ಹೋಗಿ ನ್ಯಾಷನಲ್ ಹೈಸ್ಕೂಲ್ ಸೇರಿದವರು. ಅಮೆರಿಕಾದ ಒಹಾಯೊದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿದ್ರು, 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ ಬಿಡಲಿಲ್ಲ. ಇದ್ದಿದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಲ್ಲಿ. ಅವರು ಯಾವ ದೊಡ್ಡ ಮನುಷ್ಯನ ಮುಂದೆ ಕೂತ್ರೂ, ಎಲ್ಲಿ ಕೂರ್ಬೇಕು ಅನ್ನೋ ಯೋಚನೆ ಎದುರಿಗಿರೋನಿಗೆ ಬರ್ತಿತ್ತು. ಅಂಥೋರ ಜಿಲ್ಲೆಯವನು ನೀನು.

ಚಿಂತಾಮಣಿ_ಟೊಮೆಟೊ_ಮಂಡಿ:
ಮೇಷ್ಟ್ರೇ ನಿಮ್ಮ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ಎಚ್ಚೆನ್ ಮದುವೆ ಆಗ್ಲಿಲ್ಲ, ಮಕ್ಕಳಿಗೆ ಸೀಟ್ ಹುಡುಕ್ಲಿಲ್ಲ, ಟಾರ್ಗೆಟ್ ಇರ್ಲಿಲ್ಲ. ಈ ಹುಡುಗ ನಾಳೆ ಬೆಳಿಗ್ಗೆ ಆ ಕಸ್ಟಮರ್ ಮುಂದೇನೇ ಕೂರ್ಬೇಕು. ಸಂತರ ಉದಾಹರಣೆ ಕೊಟ್ರೆ ಸಂಸಾರಸ್ಥ ಏನು ಮಾಡ್ಬೇಕು?

ಅದೇ ಚಿಕ್ಕಬಳ್ಳಾಪುರದ ಇನ್ನೊಬ್ಬರನ್ನ ನೋಡಿ. ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರು. ಮನೇಲಿ ತೆಲುಗು, ಚಿಕ್ಕ ವಯಸ್ಸಲ್ಲೇ ತಂದೆ ಹೋದ್ರು, ಬೆಂಗಳೂರಲ್ಲಿ ಮಕ್ಕಳಿಗೆ ಪಾಠ ಹೇಳ್ಕೊಟ್ಟು ಸೆಂಟ್ರಲ್ ಕಾಲೇಜಲ್ಲಿ ಓದಿದ್ರು. ಅವರು ಪಂಚೆ ಉಟ್ಕೊಂಡು ಹಠ ಹಿಡೀಲಿಲ್ಲ. ಸೂಟು, ಟೈ, ತಲೆ ಮೇಲೆ ಮೈಸೂರು ಪೇಟ, ಇಸ್ತ್ರಿ ಒಂದು ಗೆರೆ ಆಕಡೆ ಈಕಡೆ ಆಗಂಗಿಲ್ಲ. ಇಂಗ್ಲಿಷರ ಆಟದ ನಿಯಮ ಪೂರ್ತಿ ಕಲ್ತು ಅವರ ಸಮಕ್ಕೆ ಕೂತ್ರು, 1912ರಲ್ಲಿ ದಿವಾನರಾದ್ರು. ಬ್ರಿಟಿಷ್ ಅಧಿಕಾರಿಗಳ ಕ್ಲಬ್‌ನಲ್ಲಿ ನಮ್ಮವರಿಗೆ ಜಾಗ ಇಲ್ಲ ಅಂದಾಗ 1917ರಲ್ಲಿ ಕಬ್ಬನ್ ಪಾರ್ಕಲ್ಲಿ ಸೆಂಚುರಿ ಕ್ಲಬ್ ಶುರು ಮಾಡಿದ್ರು. ನಮ್ಮ ಹುಡುಗನಿಗೆ ಬೇಕಾಗಿರೋದು ಈ ದಾರಿ. ಸೂಟು ಹೊಲಿಸ್ಕೋ, ನಿಯಮ ಕಲಿ, ಹೋಗು.

ಹಳೇಬೆಂಗಳೂರು_ದಾಖಲೆ:
ಸೆಂಚುರಿ ಕ್ಲಬ್ ವಿಷಯ ಬಂತಲ್ಲ, ಸ್ವಲ್ಪ ಸೇರಿಸ್ತೀನಿ. ಮೊದಲಿಗೆ ನೂರು ಜನ ಸದಸ್ಯರು, ಅದಕ್ಕೇ ಆ ಹೆಸರು. ಇನ್ನೊಂದು ಕಡೆ ಬೆಂಗಳೂರು ಕ್ಲಬ್ ಇದೆ, 1868ರಲ್ಲಿ ಬ್ಯಾಂಗಲೋರ್ ಯುನೈಟೆಡ್ ಸರ್ವಿಸಸ್ ಕ್ಲಬ್ ಅಂತ ಶುರುವಾಗಿದ್ದು, ಮಿಲಿಟರಿ ಅಧಿಕಾರಿಗಳದ್ದು. ಚರ್ಚಿಲ್ ಇಲ್ಲಿ ಸೈನ್ಯದಲ್ಲಿದ್ದಾಗ ಮೆಂಬರ್, 13 ರೂಪಾಯಿ ಬಾಕಿ ಉಳಿಸ್ಕೊಂಡು ಹೋಗಿದ್ದು ಕ್ಲಬ್‌ನ ಹಳೇ ಪುಸ್ತಕದಲ್ಲಿ ಇವತ್ತಿಗೂ ಇದೆ.

ಹಳೇ ಕ್ಲಬ್‌ಗಳಲ್ಲಿ ಹೊಸಬರನ್ನ ಸೇರಿಸ್ಕೊಳೋಕೆ ಗುಟ್ಟಾಗಿ ಮತ ಹಾಕ್ತಿದ್ರು, ಡಬ್ಬಿಯಲ್ಲಿ ಬಿಳಿ ಗುಂಡು ಹಾಕಿದ್ರೆ ಒಪ್ಪಿಗೆ, ಕರಿ ಗುಂಡು ಹಾಕಿದ್ರೆ ಬೇಡ. ಯಾರು ಬೇಡ ಅಂದ್ರು, ಯಾಕೆ ಅಂದ್ರು, ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ಪ್ರಪೋಸರ್, ಸೆಕೆಂಡರ್, ವೇಟಿಂಗ್ ಲಿಸ್ಟ್ ಎಲ್ಲ ಅದರದ್ದೇ ಮುಂದುವರಿಕೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಹೊರಗಿನೋರು ಒಳಗೆ ಬರದೇ ಇರಲಿ ಅಂತ ಬಹಳ ಯೋಚನೆ ಮಾಡಿ ಕಟ್ಟಿದ ವ್ಯವಸ್ಥೆ ಅದು. ಒಳಗೆ ಹೋಗೋಕಾಗದಿದ್ರೆ ಅದು ನಿಮ್ಮ ಕೊರತೆ ಅಂತ ದಯವಿಟ್ಟು ಅಂದ್ಕೋಬೇಡಿ.

ಕುಣಿಗಲ್_ಲಾಯ:
ಸೆಂಚುರಿ ಕ್ಲಬ್ ಈಗ ಯಾರಿಗೆ ಸಿಗುತ್ತೆ ಸಾರ್? ನಮ್ಮವರಿಗೆ ಅಂತ ಕಟ್ಟಿದ್ದೇ, ಈಗ ಅದರ ಗೇಟ್ ಮುಂದೆ ನಾವು ನಿಂತಿದೀವಿ.

ಹಳೇಬೆಂಗಳೂರು_ದಾಖಲೆ:
ನಿಜ. ಮಹಾರಾಜರು ಕೊಟ್ಟ ಜಾಗ ಅದು, ಅದಕ್ಕೇ ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತೆ ಅಂತ ಹೈಕೋರ್ಟ್ ಹೇಳಿದೆ.

ಹಿಪ್ಪುನೇರಳೆ_ಶಿಡ್ಲಘಟ್ಟ:
ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಎಚ್ಚೆನ್ ಹೆಸರು ಕೇಳಿದ್ರೆ ನನಗೂ ಮೈ ನವಿರೇಳುತ್ತೆ. ಆದ್ರೆ ಅವರಿಗೆ ಆ ಜನದ ನಡುವೆ ಇರ್ಬೇಕು ಅನ್ನೋ ಆಸೆ ಇರ್ಲಿಲ್ಲ, ನನಗೆ ಇದೆ. ಇರೋ ಆಸೆನ ಇಲ್ಲ ಅಂತ ಹೇಗೆ ಅನ್ಲಿ. ಆ ಜನ ಕೆಟ್ಟವರಲ್ಲ. ಪುಸ್ತಕ, ಸಂಗೀತ, ಮರಗಿಡ, ದೇಶ ವಿದೇಶ ಎಷ್ಟೊಂದು ತಿಳ್ಕೊಂಡಿದಾರೆ, ಅವರ ಮಾತು ಕೇಳ್ತಾ ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಆ ಮಾತಲ್ಲಿ ನಾನೂ ಒಬ್ಬ ಆಗ್ಬೇಕು ಅನ್ಸುತ್ತೆ.

ತವರು_ಗೌರಿಬಿದನೂರು:
ತಮ್ಮಾ, ನಾನು ಮದುವೆಯಾಗಿ ನೇರವಾಗಿ ಅಂಥ ಮನೆಗೇ ಹೋದವಳು. ಕಾಲೇಜಲ್ಲಿ ಪ್ರೀತಿ, ಅವರ ಮನೆ ಬೆಂಗಳೂರಲ್ಲಿ ಮೂರು ತಲೆಮಾರಿನ ಹಳೇ ಮನೆತನ. ಮೊದಲು ನನಗೆ ಅರ್ಥ ಆಗದೇ ಇದ್ದಿದ್ದು ಏನಂದ್ರೆ ಅವರು ಯಾವುದಕ್ಕೂ ರೇಟ್ ಹೇಳಲ್ಲ. ನಮ್ಮನೇಲಿ ಸೀರೆ ತಂದ್ರೆ ಮೊದಲು ಎಷ್ಟಾಯ್ತು ಅಂತ ಕೇಳ್ತೀವಿ, ಕಮ್ಮಿಗೆ ಸಿಕ್ಕಿದ್ರೆ ಇನ್ನೂ ಖುಷಿ. ಅಲ್ಲಿ ಆ ಪ್ರಶ್ನೆ ಕೇಳಿದ್ರೆ ಎಲ್ಲ ತಟ್ಟೆ ನೋಡ್ತಾರೆ. ಹೊಸದು ಅಂತ ತೋರಿಸ್ಕೊಳಲ್ಲ, ಹಳೇ ಬೆಳ್ಳಿ, ಹಳೇ ಸೀರೆ, ಹಳೇ ಕಾರು. ಮೈ ತುಂಬಾ ಒಡವೆ ಹಾಕ್ಕೊಂಡು ಹೋದವಳು ನಾನೊಬ್ಬಳೇ, ಅಮ್ಮ ಕಷ್ಟಪಟ್ಟು ಮಾಡಿಸಿದ್ದು, ಹಾಕ್ಕೊಳದೆ ಹೇಗಿರ್ಲಿ.

ಅಮ್ಮ ಕೊಟ್ಟ ಸ್ಟೀಲ್ ಪಾತ್ರೆ ಸಾಮಾನು ಎಲ್ಲ ಒಂದು ವಾರದಲ್ಲಿ ಕೆಲಸದವರ ಮನೆ ಸೇರಿತ್ತು. ಯಾರೂ ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ, ಅವರಿಗೆ ಬೇಕಿರ್ಲಿಲ್ಲ, ಕೊಟ್ರು. ನಾನು ಬಚ್ಚಲು ಮನೇಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೆ.

ಈಗ ಎಷ್ಟೋ ವರ್ಷ ಆಯ್ತು. ಅತ್ತೆ ತೀರ್ಕೊಂಡ್ರು, ಮನೆ ನನ್ನ ಕೈಲಿದೆ, ನನ್ನ ಕೇಳದೆ ಆ ಬಳಗದಲ್ಲಿ ಒಂದು ಊಟದ ಮೆನು ಆಗಲ್ಲ. ಆದ್ರೂ ತವರಿಂದ ಫೋನ್ ಬಂದ್ರೆ ಆಚೆ ಬಾಲ್ಕನಿಗೆ ಹೋಗಿ ಬಾಗಿಲು ಹಾಕ್ಕೊಂಡು ತೆಲುಗಲ್ಲಿ ಮಾತಾಡ್ತೀನಿ. ಯಾರೂ ಹಾಗೆ ಮಾಡು ಅಂತ ಹೇಳಿಲ್ಲ. ಒಳಗೆ ಹೋಗಕ್ಕಾಗುತ್ತೆ ತಮ್ಮಾ, ಖಂಡಿತ ಆಗುತ್ತೆ. ಏನೇನು ಆಚೆ ಬಿಟ್ಟು ಹೋಗ್ತೀಯ ಅಂತ ಮೊದಲೇ ಕೂತು ಯೋಚನೆ ಮಾಡು.

ಅಮಾನಿಕೆರೆ_ಸೀನ:
ಅಕ್ಕಾ, ಪಾತ್ರೆ ವಿಷಯ ಓದಿ ಹೊಟ್ಟೆ ಉರೀತು.

ಚಿಂತಾಮಣಿ_ಟೊಮೆಟೊ_ಮಂಡಿ:
ಅಕ್ಕ ಬಾಲ್ಕನಿಗೆ ಯಾಕೆ ಹೋಗ್ಬೇಕು, ಹಾಲಲ್ಲೇ ಕೂತು ಜೋರಾಗಿ ಮಾತಾಡಿ. ಈಗ ಮನೆ ನಿಮ್ಮದು.

ತವರು_ಗೌರಿಬಿದನೂರು:
ಹೇಳೋದು ಸುಲಭ ಅಣ್ಣಾ.

ಮಾಲೂರು_ಕೆರೆ_ಏರಿ:
ಎಲ್ಲ ಓದಿದೆ. ಒಂದು ಮಾತು ಹೇಳ್ಬೇಕು, ಕೋಪ ಮಾಡ್ಕೋಬೇಡಿ.

ಶಿಡ್ಲಘಟ್ಟದ ಅಣ್ಣ ಚಿಕ್ಕೋನಿದ್ದಾಗ ಜಗಲಿ ಮೇಲೆ ಮಲಗ್ತಿದ್ವಿ ಅಂತ ಬರೆದಿದಾರೆ, ಬಡತನ ತೋರಿಸೋಕೆ. ನಾನು ಹುಟ್ಟಿದ ಕೇರಿಯವರಿಗೆ ಊರೊಳಗಿನ ಆ ಜಗಲಿ ಹತ್ತೋ ಹಂಗಿರ್ಲಿಲ್ಲ. ನಮ್ಮಪ್ಪ ಕೂಲಿ ದುಡ್ಡು ಇಸ್ಕೊಳೋಕೆ ಹೋಗಿ ಅಂಗಳದಲ್ಲಿ ನಿಂತಿರ್ತಿದ್ರು, ಬಿಸಿಲಿದ್ರೂ ಮಳೆ ಬಂದ್ರೂ. ಮನೆಯೋರು ಕೆಟ್ಟವರಲ್ಲ, ಚೆನ್ನಾಗೇ ಮಾತಾಡಿಸ್ತಿದ್ರು, ಹಬ್ಬಕ್ಕೆ ಕಜ್ಜಾಯ ಕೊಡ್ತಿದ್ರು, ಮೇಲಿಂದ ಸೆರಗಿಗೆ ಹಾಕ್ತಿದ್ರು. ನೀವು ವಿಲ್ಲಾದಲ್ಲಿ ಅನುಭವಿಸಿದ್ದು ನನಗೆ ಪೂರ್ತಿ ಅರ್ಥ ಆಗುತ್ತೆ, ಯಾಕಂದ್ರೆ ನಾನು ಅದನ್ನ ಐದನೇ ವಯಸ್ಸಲ್ಲೇ ನೋಡಿದೀನಿ. ಆ ಶ್ರೀಮಂತರ ಬಾಗಿಲಿಗೆ ಬರೋ ಮೊದಲು ನನಗೆ ಇನ್ನೂ ಎರಡು ಮೂರು ಬಾಗಿಲು ದಾಟೋದಿತ್ತು.

ಈಗ ನಾನು ಸರ್ಕಾರಿ ಇಂಜಿನಿಯರ್. ಆಫೀಸಲ್ಲಿ ಸಾಹೇಬ್ರು ಅಂತಾರೆ. ಕ್ಲಬ್ ಇಂಟರ್‌ವ್ಯೂನಲ್ಲಿ ನಿಮ್ಮ ಊರು ಯಾವುದು, ಮನೆ ಹೆಸರೇನು, ತಂದೆಯವರು ಏನು ಮಾಡ್ತಿದ್ರು ಅಂತ ಸುತ್ತಿ ಬಳಸಿ ಕೇಳ್ತಾರಲ್ಲ, ಆ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನಮ್ಮಂಥೋರಿಗೆ ಬೇಗ ಗೊತ್ತಾಗುತ್ತೆ. ನೀವು ಹೋಗಿ ಅಣ್ಣಾ, ನನ್ನ ಅಡ್ಡಿ ಇಲ್ಲ. ಒಳಗೆ ಹೋದ್ಮೇಲೆ ಹಿಂದೆ ಬರೋರಿಗೆ ಬಾಗಿಲು ಹಿಡ್ಕೋತೀರಾ ಅನ್ನೋದೊಂದೇ ನನ್ನ ಪ್ರಶ್ನೆ.

ಗೌರಿಬಿದನೂರು_ಮೇಷ್ಟ್ರು:
ಮಾಲೂರಿನವರೇ, ಈ ಥ್ರೆಡ್‌ನಲ್ಲಿ ಬರಲೇಬೇಕಾಗಿದ್ದ ಮಾತು.

ದೊಡ್ಡಬಳ್ಳಾಪುರ_ರೋಡ್:
ಎಲ್ಲದಕ್ಕೂ ಜಾತಿ ತರೋದ್ಯಾಕೆ, ಇದು ದುಡ್ಡಿನ ವಿಷಯ.

ಮಾಲೂರು_ಕೆರೆ_ಏರಿ:
ದುಡ್ಡಿನ ವಿಷಯವೇ ಆಗಿದ್ರೆ ಇವರ ಹತ್ರ ಫೀಸಿಗೆ ದುಡ್ಡಿದೆಯಲ್ಲ, ಕಟ್ಟಿದ ಕೂಡ್ಲೇ ಒಳಗೆ ಬಿಡ್ಬೇಕಿತ್ತು. ಪ್ರಪೋಸರ್ ಯಾಕೆ, ಇಂಟರ್‌ವ್ಯೂ ಯಾಕೆ?

ಹಿಪ್ಪುನೇರಳೆ_ಶಿಡ್ಲಘಟ್ಟ:
ಮಾಲೂರಣ್ಣ, ನಮ್ಮಜ್ಜಿ ಕಾಲದಲ್ಲಿ ನಮ್ಮನೇಲೂ ತೊಲೆ ಸಂದಿಯಲ್ಲಿ ಬೇರೆ ಲೋಟ ಇಟ್ಟಿದ್ದು ನಾನು ಕಂಡಿದೀನಿ. ನಿಮ್ಮ ಪ್ರಶ್ನೆಗೆ ಈಗಲೇ ಹೌದು ಅಂತ ಬಾಯಲ್ಲಿ ಹೇಳಿದ್ರೆ ಅದಕ್ಕೆ ಬೆಲೆ ಇರಲ್ಲ. ತಲೇಲಿ ಇಟ್ಕೋತೀನಿ.

ಕುಣಿಗಲ್_ಲಾಯ:
ನಾನು ಒಂದು ವಿಷಯ ಹೇಳ್ತೀನಿ. ನಮ್ಮಪ್ಪ ಕುದುರೆ ಲಾಯದಲ್ಲಿ ಕೆಲಸ ಮಾಡಿದೋರು, ಕುಣಿಗಲ್ ಕಡೆ ಟಿಪ್ಪು ಕಾಲದಿಂದ ಕುದುರೆ ಸಾಕ್ತಾರೆ, ಗೊತ್ತಲ್ಲ. ರೇಸ್ ಕುದುರೆಗೆ ಅದರ ಅಪ್ಪ ಅಮ್ಮ, ಅವರ ಅಪ್ಪ ಅಮ್ಮ ಯಾರು ಅಂತ ಪೂರ್ತಿ ದಾಖಲೆ ಇರುತ್ತೆ, ಅದಿಲ್ದೆ ಎಷ್ಟೇ ಜೋರಾಗಿ ಓಡಿದ್ರೂ ಟ್ರ್ಯಾಕ್ ಮೇಲೆ ಬಿಡಲ್ಲ. ಅಪ್ಪನಿಗೆ ಒಂದೊಂದು ಕುದುರೆ ವಂಶನೂ ಬಾಯಿಪಾಠ. ಮರಿ ಹುಟ್ಟಿದ ರಾತ್ರಿ ಪಕ್ಕದಲ್ಲೇ ಮಲಗೋರು. ಅದು ಗೆದ್ದ ದಿನ ಫೋಟೋದಲ್ಲಿ ಓನರ್, ಓನರ್ ಹೆಂಡ್ತಿ, ಟ್ರೇನರ್, ಜಾಕಿ. ಅಪ್ಪ ಹಗ್ಗ ಹಿಡ್ಕೊಂಡು ಓರೆಗೆ ನಿಂತಿರೋರು, ಕೈ ಮಾತ್ರ ಫೋಟೋದಲ್ಲಿ ಬಂದಿರೋದು. ಆ ಫೋಟೋಗೆ ಕಟ್ಟು ಹಾಕಿಸಿ ಮನೇಲಿ ಇಟ್ಟಿದೀವಿ.

ಅಪ್ಪನಿಗೆ ಆ ಓನರ್‌ಗಳ ಬಗ್ಗೆ ಬೇಜಾರಿರ್ಲಿಲ್ಲ, ಆಸೆನೂ ಇರ್ಲಿಲ್ಲ. ಕುದುರೆ ಬಗ್ಗೆ ನನಗೆ ಗೊತ್ತಿರೋಷ್ಟು ಅವರಿಗೆ ಗೊತ್ತಿಲ್ಲ ಅನ್ನೋ ಧೈರ್ಯ ಇತ್ತು. ನಿಮಗೂ ಅವರ ದುಡ್ಡಿನ ಬಗ್ಗೆ ಅವರಿಗಿಂತ ಚೆನ್ನಾಗಿ ಗೊತ್ತು ಅಂತ ನೀವೇ ಬರೆದಿದೀರ. ಆ ಟೇಬಲ್ ಮುಂದೆ ಅದನ್ನ ಯಾಕೆ ಮರೆತೀರಿ?

ದೇವನಹಳ್ಳಿ_ಟೀಚರ್:
ನಾನು ಏರ್‌ಪೋರ್ಟ್ ಕಡೆ ಒಂದು ಇಂಟರ್‌ನ್ಯಾಷನಲ್ ಸ್ಕೂಲಲ್ಲಿ ಪಾಠ ಮಾಡ್ತೀನಿ, ಹೆಸರು ಬೇಡ. 2008ರಲ್ಲಿ ಏರ್‌ಪೋರ್ಟ್ ಬಂದ್ಮೇಲೆ ಜಮೀನು ಮಾರಿದವರ ಮಕ್ಕಳು, ಮೊಮ್ಮಕ್ಕಳು ನಮ್ಮಲ್ಲಿ ಓದ್ತಾರೆ. ಫೀಸು ಕಟ್ಟೋದ್ರಲ್ಲಿ ಯಾರಿಗೂ ಕಮ್ಮಿ ಇಲ್ಲ. ಪೇರೆಂಟ್ಸ್ ಮೀಟಿಂಗ್‌ಗೆ ಬಂದಾಗ ಮಾತ್ರ ಆ ಅಪ್ಪಂದಿರು ಕಾರಿಂದ ಇಳಿಯಲ್ಲ, ಹೆಂಡ್ತಿನ ಕಳಿಸ್ತಾರೆ, ಆಕೆ ಬಂದು ನನ್ನ ಮುಂದೆ ಕೂತು ಮಗ ಹೇಗೆ ಓದ್ತಾನೆ ಅಂತ ಕೇಳೋಕೂ ಹಿಂಜರೀತಾರೆ. ನಾನು ಕನ್ನಡದಲ್ಲಿ ಮಾತು ಶುರು ಮಾಡಿದ್ರೆ ಮುಖ ಅರಳುತ್ತೆ.

ಒಬ್ಬ ಹುಡುಗ ಇದಾನೆ, ಬುದ್ಧಿವಂತ, ಅಜ್ಜಿ ಅಂದ್ರೆ ಪ್ರಾಣ. ಅಜ್ಜಿ ಕರ್ಕೊಂಡು ಹೋಗೋಕೆ ಬಂದ್ರೆ ಹಿಂದಿನ ಗೇಟ್ ಹತ್ರ ನಿಂತ್ಕೋ ಅಂತ ಹೇಳಿದಾನಂತೆ. ಆಕೆಯೇ ನನಗೆ ಹೇಳಿದ್ರು, ಬೇಜಾರಿಲ್ದೆ, ‘ಅಲ್ಲಿ ನೆರಳಿದೆ ಅಂತ ಹಾಗೆ ಹೇಳ್ದ’. ಆ ಮಾತು ನನ್ನ ಬಿಡ್ತಾ ಇಲ್ಲ. ನಿಮಗೆ ಮಕ್ಕಳಿದ್ರೆ ಈ ಆಸೆ ನೀವು ಬಾಯಿ ಬಿಡದೇನೇ ಅವರಿಗೆ ದಾಟುತ್ತೆ, ದಯವಿಟ್ಟು ನೋಡ್ಕೊಳಿ.

ನಂದಿ_ದ್ರಾಕ್ಷಿ_ತೋಟ:
ನಂದಿ ಬೆಟ್ಟದ ಮಾತು ಬಂತು ಅಂತ ಬರೀತಿದೀನಿ. ಬೆಟ್ಟದ ಮೇಲೆ ಮೊದಲಿಂದಲೂ ದೊಡ್ಡೋರದ್ದೇ. ಟಿಪ್ಪು ಬೇಸಿಗೆ ಅರಮನೆ, ಆಮೇಲೆ ಬ್ರಿಟಿಷ್ ಕಮಿಷನರ್ ಕಬ್ಬನ್ ಸಾಹೇಬರ ಬಂಗ್ಲೆ, 1986ರಲ್ಲಿ ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ) ನಾಯಕರು ಬಂದಿದ್ದೂ ಅಲ್ಲಿಗೇ. ನಾವು ಬೆಟ್ಟದ ಬುಡದ ಭೋಗನಂದೀಶ್ವರನ ಜನ, ಶಿವರಾತ್ರಿ ತೇರಿಗೆ ಯಾರು ಬೇಕಾದ್ರೂ ಬರಬಹುದು, ಪ್ರಪೋಸರ್ ಬೇಕಿಲ್ಲ. ನಮ್ಮ ತೋಟದ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದ್ದೇ ಬೆಳೆ ಅನ್ನೋ ಸರ್ಕಾರಿ ಗುರುತು) ಸಿಕ್ತು, ಅದೇ ದ್ರಾಕ್ಷಿ ವೈನ್ ಆಗಿ ಆ ವಿಲ್ಲಾ ಒಳಗೆ ಹೋಗುತ್ತೆ.

ಚಿಂತಾಮಣಿ_ಟೊಮೆಟೊ_ಮಂಡಿ:
ಈ ಸಲ ನೀಲಿ ದ್ರಾಕ್ಷಿ ಏನು ರೇಟ್ ಸಿಕ್ತು ಅಣ್ಣಾ? ದಿಲ್‌ಖುಷ್‌ಗಿಂತ ಪರವಾಗಿಲ್ವಾ?

ನಂದಿ_ದ್ರಾಕ್ಷಿ_ತೋಟ:
ಮಳೆ ಕೈ ಕೊಡ್ತು ಮಾರಾಯ. ಬೇರೆ ಥ್ರೆಡ್ ಹಾಕು, ಹೇಳ್ತೀನಿ.

ಅಮಾನಿಕೆರೆ_ಸೀನ:
ವಿಷಯಕ್ಕೆ ಬನ್ನಿ. ಜಮೀನು ಮಾರಿದವರ ಕಥೆ ಹೇಳಿದ್ರಲ್ಲ ಟೀಚರ್, ಮಾರದೇ ನಿಂತವರೂ ಇದಾರೆ. ಅದೇ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿ ರೈತರು 1,777 ಎಕರೆ ಕೊಡಲ್ಲ ಅಂತ ಮೂರು ವರ್ಷಕ್ಕೂ ಮೇಲೆ ಕೂತ್ರು, 2025 ಜುಲೈನಲ್ಲಿ ಸರ್ಕಾರವೇ ಕೈ ಬಿಡ್ತು. ಅವರಿಗೆ ಕೋಟಿ ಬೇಡ್ವಾ? ಬೇಕು. ಆದ್ರೆ ಭೂಮಿ ಹೋದ್ಮೇಲೆ ತಾವು ಯಾರು ಅನ್ನೋದು ಅವರಿಗೆ ಗೊತ್ತಿತ್ತು.

ಹೊಸಕೋಟೆ_ಬೈಪಾಸ್:
ನಾನು ಇದನ್ನ ಒಪ್ಪಲ್ಲ. ನಮ್ಮೋರಲ್ಲಿ ಯಾರಾದ್ರೂ ಮೇಲೆ ಹೋಗ್ತೀನಿ ಅಂದ ತಕ್ಷಣ ಎಲ್ಲ ಸೇರಿ ಮಣ್ಣು, ಬೇರು, ಅಜ್ಜಿ ಅಂತ ಶುರು ಮಾಡ್ತೀವಿ. ಬೇರೆ ಕಡೆಯವರು ಹೀಗೆ ಯೋಚನೆ ಮಾಡ್ತಾರಾ? ಅವರು ಹೋಗ್ತಾರೆ, ಕೂರ್ತಾರೆ, ಬಿಸಿನೆಸ್ ಮಾಡ್ತಾರೆ, ಹತ್ತು ವರ್ಷದಲ್ಲಿ ಅವರದ್ದೇ ಕಮಿಟಿ. ಕ್ಲಬ್ಬಲ್ಲಿ ಆಗೋ ಪರಿಚಯದಿಂದ ಮಗನಿಗೆ ಇಂಟರ್ನ್‌ಶಿಪ್, ಮಗಳಿಗೆ ಕೆಲಸ, ಆಸ್ಪತ್ರೆಯಲ್ಲಿ ಬೆಡ್, ಎಲ್ಲ ಒಂದು ಫೋನಲ್ಲಿ ಆಗುತ್ತೆ. ಅದು ಸುಮ್ನೆ ಶೋಕಿ ಅಲ್ಲ. ಫಾರಂ ತುಂಬಿ ಅಣ್ಣಾ, ಕಣ್ಮುಚ್ಕೊಂಡು ತುಂಬಿ.

ಮಾರಿಕುಪ್ಪಂ_ಪ್ಯಾಸೆಂಜರ್:
ಬೈಪಾಸ್ ಹೇಳೋದ್ರಲ್ಲೂ ನಿಜ ಇದೆ. ನಮ್ಮ ತಾತನಿಗೆ ಒಬ್ಬನೇ ಒಬ್ಬ ದೊಡ್ಡ ಆಫೀಸರ್ ಪರಿಚಯ ಇದ್ದಿದ್ರೆ ನಮ್ಮಪ್ಪ ಗಣಿ ಒಳಗೆ ಇಳೀತಿರ್ಲಿಲ್ಲ, ಅವರ ಶ್ವಾಸಕೋಶ ಉಳೀತಿತ್ತು.

ತವರು_ಗೌರಿಬಿದನೂರು:
ಒಂದು ಪ್ರಾಕ್ಟಿಕಲ್ ಸಲಹೆ. ಇಂಟರ್‌ವ್ಯೂಗೆ ಹೆಂಡ್ತಿನ ಒತ್ತಾಯ ಮಾಡಿ ಕರ್ಕೊಂಡು ಹೋಗ್ಬೇಡ. ಆ ಕಮಿಟಿಯ ಹೆಂಗಸರು ಆಕೆಯನ್ನೇ ಜಾಸ್ತಿ ನೋಡ್ತಾರೆ. ಆಕೆಗೆ ಇಷ್ಟ ಇದ್ರೆ ಮಾತ್ರ. ಮತ್ತೆ ಯಾವ ಸ್ಕೂಲು ಅಂತ ಕೇಳಿದ್ರೆ ಸ್ಕೂಲ್ ಹೆಸರು ಹೇಳಿ ನಿಲ್ಲಿಸ್ಬೇಡ, ರೇಷ್ಮೆ ವಿಷಯ ಹೇಳು. ಆ ಜನ ಉಡೋ ಸೀರೆಯ ಗೂಡು ಹೇಗೆ ಬರುತ್ತೆ ಅಂತ ಅವರಲ್ಲಿ ಯಾರಿಗೂ ಗೊತ್ತಿರಲ್ಲ, ಕೇಳೋಕೆ ಆಸೆ ಇರುತ್ತೆ, ನಿಜವಾಗ್ಲೂ.

ಮಾಲೂರು_ಕೆರೆ_ಏರಿ:
ಅಕ್ಕ ಹೇಳಿದ್ದು ಸರಿ, ಆದ್ರೆ ಅಲ್ಲೊಂದು ತೊಂದರೆ ಇದೆ. ನಮ್ಮ ಬದುಕನ್ನ ಅವರಿಗೆ ಕಥೆ ಮಾಡಿ ಹೇಳ್ತಾ ಹೋದ್ರೆ ನಾವು ಅಲ್ಲಿ ಕಥೆ ಹೇಳೋರಾಗಿಯೇ ಉಳೀತೀವಿ. ಅವರ ಕಥೆನೂ ಕೇಳಿ ಅಣ್ಣಾ, ಸುಮ್ನೆ ತಲೆ ಆಡಿಸ್ಬೇಡಿ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ.

ಹಿಪ್ಪುನೇರಳೆ_ಶಿಡ್ಲಘಟ್ಟ:
ಇವತ್ತು ಊರಿಗೆ ಬಂದಿದೀನಿ, ಅಪ್ಪನ ಹತ್ರ ಮೊದಲ ಸಲ ಈ ವಿಷಯ ತೆಗೆದೆ. ಪೂರ್ತಿ ಕೇಳಿದ್ರು. ಅಲ್ಲಿ ಪಂಚೆ ಉಟ್ಟೋರನ್ನ ಬಿಡ್ತಾರಾ ಅಂತ ಕೇಳಿದ್ರು. 2024ರಲ್ಲಿ ಮಾಗಡಿ ರಸ್ತೆ ಮಾಲ್‌ನಲ್ಲಿ ಪಂಚೆ ಉಟ್ಟಿದ್ದ ರೈತರೊಬ್ಬರನ್ನ ಒಳಗೆ ಬಿಡ್ಲಿಲ್ಲ, ಆಮೇಲೆ ಸರ್ಕಾರದೋರು ಆ ಮಾಲನ್ನೇ ಮುಚ್ಚಿಸಿದ್ರಲ್ಲ, ಅದು ಅವರಿಗೆ ಚೆನ್ನಾಗಿ ನೆನಪಿದೆ. ವಿಚಾರಿಸ್ತೀನಿ ಅಂದೆ.

ನಾನು ಅರ್ಜಿ ಹಾಕ್ತೀನಿ. ಆಸೆ ಇದೆ, ಮುಚ್ಚಿಟ್ಕೊಂಡು ಓಡಾಡೋದು ಸಾಕಾಗಿದೆ. ಹೆಂಡ್ತಿ ಜೊತೆ ಮಾತಾಡಿದೀನಿ, ಈ ವರ್ಷ ಸೈಟ್‌ಗೆ ಅಡ್ವಾನ್ಸ್ ಮೊದಲು, ಕ್ಲಬ್ ಫೀಸು ಆಮೇಲೆ, ಹೆಂಗೂ ವೇಟಿಂಗ್ ಲಿಸ್ಟ್ ಇರುತ್ತೆ. ಇಂಟರ್‌ವ್ಯೂಗೆ ಬರೋದು ಬಿಡೋದು ಅವಳಿಗೇ ಬಿಟ್ಟಿದ್ದು. ಪಂಚೆ ಉಟ್ಟೋರು ಅತಿಥಿಯಾಗಿ ಬರೋ ಹಂಗಿಲ್ಲ ಅಂತ ಆ ಕ್ಲಬ್ ರೂಲ್ಸ್‌ನಲ್ಲಿ ಇದ್ರೆ ಮಾತ್ರ ಬೇಡ, ಇನ್ನೊಂದು ನೋಡ್ಕೋತೀನಿ. ಸೆಕೆಂಡರ್ ಇನ್ನೂ ಸಿಕ್ಕಿಲ್ಲ.

ಅಮಾನಿಕೆರೆ_ಸೀನ:
ಸೈಟ್ ಮೊದಲು ಅಂದ್ಯಲ್ಲ, ಅಷ್ಟು ಸಾಕು.

ಗೌರಿಬಿದನೂರು_ಮೇಷ್ಟ್ರು:
ನನಗೆ ಈಗಲೂ ಒಪ್ಪಿಗೆ ಇಲ್ಲ. ಆದ್ರೆ ರೂಲ್ ಪುಸ್ತಕ ತರಿಸ್ಕೊಂಡು ಓದ್ತೀಯಲ್ಲ, ಅದು ಮಾಡು.

ಹೊಸಕೋಟೆ_ಬೈಪಾಸ್:
ಸೆಕೆಂಡರ್ ವಿಷಯ ಮೆಸೇಜ್ ಹಾಕಿ ಅಣ್ಣಾ, ಯಾವ ಕ್ಲಬ್ ಅಂತ ಹೇಳಿ. ನಮ್ಮ ಸೋದರಮಾವ ಎರಡು ಕಡೆ ಮೆಂಬರ್, ಅವರೂ ಕೋಲಾರದೋರೇ. ಮೊದಲು ಒಂದು ಸಲ ಭೇಟಿ ಮಾಡ್ಬೇಕು ಅಂತಾರೆ, ಭಾನುವಾರ ಬನ್ನಿ, ಊಟ ಇಲ್ಲೇ. ಮತ್ತೆ ಎಂಟ್ರೆನ್ಸ್ ಫೀ ಮೇಲೆ 18% ಜಿಎಸ್‌ಟಿ ಬೇರೆ ಹಾಕ್ತಾರೆ, ಅದನ್ನೂ ಲೆಕ್ಕಕ್ಕೆ ಸೇರಿಸ್ಕೊಳಿ.